ಹಳದಿಯನ್ನು ನಂಬಿ ಕೆಟ್ಟವರು

ಹಳದಿ ಹಕ್ಕಿಯನ್ನು ಗುರುತಿಸಲು ಹೊರಟವರ ಮೊದಲ ಶತ್ರು ಆ ಹಳದಿಯೇ ಎಂಬುದು ನನ್ನ ವಾದ. ವಿಜಯಪುರ, ಗದಗದ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಕಾಳುಗಟ್ಟುವಾಗ ನೂರಾರು ಹಕ್ಕಿಗಳ ಹಿಂಡು ಬಂದಿಳಿಯುತ್ತದೆ. ಕಣ್ಣಿಗೆ ಹಳದಿ ಬಿದ್ದದ್ದೇ ತಡ, ಬಾಯಿಗೆ ‘ಗೀಜಗ’ ಬಂದಿರುತ್ತದೆ. ಆದರೆ ಗಂಡು ಗೀಜಗಕ್ಕೆ ಹಳದಿಯ ಚಪಲ ಗೂಡು ನೇಯುವ ಮಳೆಗಾಲದಲ್ಲಿ ಮಾತ್ರ. ಆ ಸಂಭ್ರಮ ಮುಗಿಯಿತೋ, ಮದುಮಗ ಜರಿಶಲ್ಯ ಮಡಿಚಿಟ್ಟಂತೆ ಬಣ್ಣ ಕಳಚಿ ಗುಬ್ಬಚ್ಚಿಗಳ ಸಾಲಿಗೆ ಸೇರಿಬಿಡುತ್ತದೆ. ಹಾಗಾಗಿ ಜನವರಿಯ ತೆನೆಯ ಮೇಲೆ ಹೊಟ್ಟೆತುಂಬ ಹಳದಿ ತೋರಿಸುತ್ತ ಕೂತದ್ದು ಬಹುಮಟ್ಟಿಗೆ ಚಳಿಗಾಲದ ವಲಸೆಗಾರ ಬಂಟಿಂಗ್. ಇಷ್ಟು ತಿಳಿಯಲು ದುರ್ಬೀನು ಬೇಡ, ಗೋಡೆಯ ಪಂಚಾಂಗ ಸಾಕು. ಚಳಿಗಾಲದ ಹಳದಿ ಸಿಪಿಲೆಯೂ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಅದು ತೇವದ ನೆಲದಲ್ಲಿ ಬಾಲ ಕುಣಿಸುತ್ತ ಹುಳ ಹುಡುಕುವ ಸಣಕಲು ಕೊಕ್ಕಿನ ಜೀವ. ಬಂಟಿಂಗಿನದು ಕಾಳು ಒಡೆಯುವ ದಪ್ಪ ಕೊಕ್ಕು. ಬಣ್ಣ ಬಿಟ್ಟು ಬಾಯಿ ನೋಡಿದರೆ ಅರ್ಧ ಜಗಳ ಅಲ್ಲೇ ಇತ್ಯರ್ಥ.

ಉಳಿದರ್ಧ ಮಾತ್ರ ಸುಲಭವಲ್ಲ. ಬಂಟಿಂಗ್‌ಗಳಲ್ಲಿ ಇಲ್ಲಿಗೆ ಬರುವ ಹಳದಿಯವು ಮುಖ್ಯವಾಗಿ ಎರಡು: ಇಟಲಿಯಿಂದ ಇರಾನ್‌ವರೆಗಿನ ಸೀಮೆಯಲ್ಲಿ ಮರಿ ಮಾಡುವ ಕರಿತಲೆಯದು, ಮಧ್ಯ ಏಷ್ಯಾದ ಕೆಂಪುತಲೆಯದು. ತಲೆ ನೋಡಿದರಾಯಿತು ಎನ್ನುತ್ತದೆ ಪುಸ್ತಕ. ಆದರೆ ಚಳಿಗಾಲದಲ್ಲಿ ಗಂಡಿನ ತಲೆಯ ಕಪ್ಪನ್ನು ಗರಿಯಂಚಿನ ಮಂಕು ಬಣ್ಣ ಮುಚ್ಚಿರುತ್ತದೆ. ಅಂಚು ಸವೆದು ಪುಸ್ತಕದ ಚಿತ್ರದಂತೆ ಆಗುವಷ್ಟರಲ್ಲಿ ಹಕ್ಕಿ ಊರಿಗೆ ಹೊರಡುವ ತಯಾರಿಯಲ್ಲಿರುತ್ತದೆ. ಹೆಣ್ಣುಗಳಂತೂ ಎರಡರಲ್ಲೂ ಮಾಸಲು ಕಂದು, ಬಾಲದಡಿ ಚೂರು ಹಳದಿ. ಬೆನ್ನಿನಲ್ಲಿ ಕೆಂಗಂದಿನ ಛಾಯೆಯಿದ್ದರೆ ಕರಿತಲೆಯವನ ಮನೆಯವಳಿರಬಹುದು ಎಂದು ತಜ್ಞರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಸಂಜೆ ಬಿಸಿಲಿಗೆ ಯಾರ ಬೆನ್ನು ಕೆಂಪಾಗುವುದಿಲ್ಲ? ಈಗಿನ ಕ್ಯಾಮೆರಾ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೇ: ಅದು ಅನುಮಾನವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಮೇಲಾಗಿ, ಉತ್ತರ ಇರಾನಿನಲ್ಲಿ ಎರಡೂ ಸೀಮೆ ಕೂಡುವಲ್ಲಿ ಇವು ಪರಸ್ಪರ ಸಂಸಾರ ಹೂಡುತ್ತವೆ. ಸಂಬಂಧ ಬೆಳೆಸುವಾಗ ಹಕ್ಕಿಗಳೇ ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯತ್ಯಾಸವನ್ನು ಹೊಲದ ಬದುವಿನಲ್ಲಿ ನಿಂತು ಎರಡು ನಿಮಿಷದಲ್ಲಿ ಬಗೆಹರಿಸುತ್ತೇವೆಂಬ ನಮ್ಮ ಧೈರ್ಯವನ್ನು ಮೆಚ್ಚಲೇಬೇಕು.

ಹಾಗಾದರೆ ‘ಬಂಟಿಂಗ್, ಹೆಣ್ಣು, ಎರಡರಲ್ಲೊಂದು’ ಎಂದು ಬರೆದುಕೊಳ್ಳುವುದು ಸೋಮಾರಿತನವಲ್ಲವೇ? ಅಲ್ಲ. ಆ ಸಾಲಿನಲ್ಲಿ ಋತು, ಬೆಳೆ, ಕೊಕ್ಕು, ಹಿಂಡು ಎಲ್ಲವನ್ನೂ ನೋಡಿದ ಶ್ರಮವಿದೆ. ಒತ್ತಾಯಕ್ಕೆ ಬರೆದ ಪೂರ್ತಿ ಹೆಸರಿನಲ್ಲಿ ಇರುವುದು ಬರೆದವರ ಆಸೆ ಮಾತ್ರ. ಅಟ್ಟಣಿಗೆಯ ಮೇಲೆ ಕವಣೆ ಹಿಡಿದ ರೈತನಂತೂ ಈ ವಿವಾದಕ್ಕೆ ಕೈಹಾಕುವುದಿಲ್ಲ. ಎರಡೂ ಜಾತಿಗೆ ಒಂದೇ ಅಳತೆಯ ಕಲ್ಲು.