ಅರಿಶಿನ, ಕುಂಕುಮ ಮತ್ತು ಆರು ವೋಲ್ಟು

ಮೋಟಾರು ಸೈಕಲ್ಲಿನ ತಂತಿಯನ್ನು ನೆಕ್ಕುತ್ತಿರುವಾಗ ಹಳೆಯ ಶಿಷ್ಯನ ಕಣ್ಣಿಗೆ ಬಿದ್ದ ಮೇಷ್ಟ್ರು ಇಡೀ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಂಪು ದೀಪದ ವಿಷಯ.

ನಮ್ಮ ಮನೆಯ ಜಾವಾ 1969ರದ್ದು. ಅಪ್ಪ ಕೊಂಡದ್ದು. ನನಗಿಂತ ಎರಡು ವರ್ಷ ದೊಡ್ಡದಾದ್ದರಿಂದ ಅದಕ್ಕೆ ಮನೆಯಲ್ಲಿ ಹಿರಿಯಣ್ಣನ ಮರ್ಯಾದೆ. ಅದು ಕೆಮ್ಮಿದರೆ ಎಲ್ಲರೂ ಹೊರಗೆ ಬರುತ್ತಾರೆ, ನಾನು ಕೆಮ್ಮಿದರೆ ಫ್ಯಾನು ಕಮ್ಮಿ ಮಾಡು ಅನ್ನುತ್ತಾರೆ. ಅದರ ಹೆಡ್‌ಲೈಟಿನ ಬುರುಡೆಯ ಮೇಲೆ ಕಡಲೆಕಾಳಿನಷ್ಟು ಒಂದು ಕೆಂಪು ದೀಪ. ಕೀಲಿ ಹಾಕಿದಾಗ ಹತ್ತಬೇಕು, ಎಂಜಿನ್ನು ಏರು ದನಿಗೆ ಬಂದಾಗ ಆರಬೇಕು. ಆರಿದರೆ ಡೈನಮೋ ದುಡಿಯುತ್ತಿದೆ, ಬ್ಯಾಟರಿಗೆ ಊಟ ಹೋಗುತ್ತಿದೆ ಎಂದರ್ಥ. ಹೋದ ಮಾಗಿಯಿಂದ ಅದು ಆರುವುದನ್ನೇ ನಿಲ್ಲಿಸಿತ್ತು. ಜಾವಾದ ಕಿಡಿಗೂ ಬ್ಯಾಟರಿಯೇ ಗತಿ. ಬ್ಯಾಟರಿ ಉಪವಾಸ ಬಿದ್ದರೆ ಗಾಡಿ ಎಷ್ಟು ಒದ್ದರೂ ಕಲ್ಲು. ಒಂದು ಸಂಜೆ ಚಾಮುಂಡಿಬೆಟ್ಟದ ತಪ್ಪಲಿನಿಂದ ಮನೆಯವರೆಗೆ ಅದನ್ನು ತಳ್ಳಿಕೊಂಡು ಬಂದೆ. ದಾರಿಯಲ್ಲಿ ಹದಿನೇಳು ಜನ ಅದರ ಫೋಟೋ ತೆಗೆದುಕೊಂಡರು. ಒಬ್ಬನೂ ಕೈ ಹಾಕಲಿಲ್ಲ.

ರೋಗ ಎಲ್ಲಿದೆ ಎಂಬುದು ಗೊತ್ತೇ ಇತ್ತು. ಹಳೆಯ ಜಾವಾದ ಆರು ವೋಲ್ಟಿನ ಡೈನಮೋ ಹುಟ್ಟಿಸುವುದು 45 ವ್ಯಾಟ್, ಅಂದರೆ ನಮ್ಮ ಬಚ್ಚಲಮನೆಯಲ್ಲಿ ಉರಿಯುತ್ತಿದ್ದ ಹಳೆಯ 60ರ ಬಲ್ಬಿಗೂ ಸಾಲದು. ಹೆಡ್‌ಲೈಟು, ಹಾರ್ನು, ಕಿಡಿ, ಬ್ಯಾಟರಿ ಎಲ್ಲವೂ ಅಷ್ಟರಲ್ಲೇ ಬಾಳಬೇಕು. ಈ ಬಡ ಸಂಸಾರದ ಯಜಮಾನ ರೆಗ್ಯುಲೇಟರು. ಕರಿಯ ಡಬ್ಬಿಯೊಳಗೆ ತಾಮ್ರದ ಸುರುಳಿಗಳು, ಅವುಗಳ ಮುಂದೆ ನಡುಗುವ ಸಣ್ಣ ಕಾಂಟ್ಯಾಕ್ಟುಗಳು. ವೋಲ್ಟೇಜು ಏರಿದರೆ ಒಂದು ಬಾಗಿಲು ಪಟಪಟನೆ ತೆರೆದು ಮುಚ್ಚಿ ಡೈನಮೋದ ಉತ್ಸಾಹಕ್ಕೆ ತಣ್ಣೀರೆರಚುತ್ತದೆ. ಎಂಜಿನ್ನು ನಿಧಾನವಾದರೆ ಇನ್ನೊಂದು ಬಾಗಿಲು ಮುಚ್ಚಿಕೊಂಡು, ಬ್ಯಾಟರಿಯೇ ತಿರುಗಿ ಡೈನಮೋಗೆ ಕರೆಂಟು ಸುರಿಯುವುದನ್ನು ತಡೆಯುತ್ತದೆ. ಇದಕ್ಕೆ ಕಟೌಟು ಅಂತ ಹೆಸರು. (ನಮ್ಮೂರಿನಲ್ಲಿ ಕಟೌಟು ಅಂದರೆ ಥಿಯೇಟರಿನ ಮುಂದೆ ಹಾಲೆರೆಸಿಕೊಳ್ಳುವಂಥದ್ದು. ಇದಕ್ಕೆ ಆ ಭಾಗ್ಯವಿಲ್ಲ.) ಐವತ್ತು ವರ್ಷ ಹೀಗೆ ಬಾಗಿಲು ಬಡಿದೂ ಬಡಿದೂ ಕಾಂಟ್ಯಾಕ್ಟುಗಳು ಅಜ್ಜಿಯ ಹಲ್ಲಿನಂತೆ ಸವೆದಿದ್ದವು. ಉಪ್ಪುಕಾಗದದಲ್ಲಿ ಉಜ್ಜಿದರೆ ಎರಡು ವಾರ ಬದುಕುತ್ತಿತ್ತು, ಮತ್ತೆ ಮಲಗುತ್ತಿತ್ತು.

ಇಂಥ ಹೊತ್ತಿನಲ್ಲಿ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ. “ಹನ್ನೆರಡು ವೋಲ್ಟಿಗೆ ಮಾಡಿಸಿಬಿಡಿ ಸಾರ್” ಎಂದವರು ಮೂವರು. “ಮಾರಿಬಿಡಿ, 2018ರಲ್ಲೇ ಹೊಸ ಜಾವಾ ಬಂತಲ್ಲ, ಬಟನ್ ಒತ್ತಿದರೆ ಸ್ಟಾರ್ಟು” ಎಂದವನು ನನ್ನ ಸ್ವಂತ ಭಾವಮೈದುನ. ಅವನ ತಾಯಿಗೂ ಎಂಬತ್ತಾಗುತ್ತಾ ಬಂತು, ಹೊಸದು ತರುತ್ತೀಯಾ ಎಂದು ಕೇಳುವವನಿದ್ದೆ. ಆಕೆ ನನ್ನ ಅತ್ತೆಯೂ ಹೌದಾದ್ದರಿಂದ ಸುಮ್ಮನಾದೆ.

ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಎಲೆಕ್ಟ್ರಾನಿಕ್ ರೆಗ್ಯುಲೇಟರು ತಂದೆ. ಬೆಂಕಿಪೊಟ್ಟಣದಷ್ಟು ಗಾತ್ರ. ಒಳಗೆ ನಡುಗುವ ಬಾಗಿಲುಗಳಿಲ್ಲ, ಟ್ರಾನ್ಸಿಸ್ಟರು, ಡಯೋಡುಗಳು ಸದ್ದಿಲ್ಲದೆ ಅದೇ ಕೆಲಸ ಮಾಡುತ್ತವೆ. ಮೇಲೆ ನಾಲ್ಕು ಗುರುತು: ಡಿ, ಡಿಎಫ್, 51, 61. ಅದನ್ನು ಮೇಜಿನ ಮೇಲಿಟ್ಟು ಹೆಂಡತಿಗೆ ಹೇಳಿದೆ: “ನಾಲ್ಕೇ ತಂತಿ. ಅರ್ಧ ಗಂಟೆ.” ಇಪ್ಪತ್ತಾರು ವರ್ಷದ ದಾಂಪತ್ಯದ ಅನುಭವದಿಂದ ಅವಳು ಮಧ್ಯಾಹ್ನಕ್ಕೆ ನನ್ನನ್ನು ಬಿಟ್ಟು ಅಕ್ಕಿ ಅಳೆದಳು.

ಗಾಡಿಯ ಪಕ್ಕದ ಡಬ್ಬಿಯ ಮುಚ್ಚಳ ತೆಗೆದೆ. ಹಳೆಯ ರೆಗ್ಯುಲೇಟರು ಕೂತಿತ್ತು, ನಾಲ್ಕು ತಂತಿಗಳೂ ಬಂದು ಸೇರಿದ್ದವು. ಒಂದಾನೊಂದು ಕಾಲದಲ್ಲಿ ಅವುಗಳಿಗೆ ಬೇರೆ ಬೇರೆ ಬಣ್ಣ ಇದ್ದಿರಬೇಕು. ಈಗ ಎಲ್ಲವೂ ಏಕವರ್ಣ, ಅದೂ ಗ್ರೀಸಿನ ವರ್ಣ. ಒಂದು ಸ್ಕ್ರೂ ಮರೆ ಸವೆದು ಸಡಿಲವಾಗಿತ್ತು. ಅದರ ಬುಡದಲ್ಲಿ, ಬಿಗಿಯಾಗಲೆಂದು, ನಾಲ್ಕು ಮಡಿಕೆ ಮಡಿಸಿದ ಬೆಳ್ಳಿಕಾಗದ. ಬಿಡಿಸಿ ನೋಡಿದೆ. ಸಿಗರೇಟು ಪ್ಯಾಕಿನದು.

ಈ ಡಬ್ಬಿಯನ್ನು ಅಪ್ಪ ಬಿಟ್ಟರೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅಪ್ಪ, ನಾನು ಹುಟ್ಟಿದ ದಿನವೇ ಅಮ್ಮನ ಮೇಲೆ ಆಣೆಯಿಟ್ಟು ಸಿಗರೇಟು ಬಿಟ್ಟವರು. ನನಗೆ ಕಾಲೇಜಿನಲ್ಲಿ ಒಮ್ಮೆ ಇದೇ ವಿಷಯಕ್ಕೆ ಕಪಾಳಕ್ಕೆ ಬಿಟ್ಟವರು ಕೂಡ. ಬೆಳ್ಳಿಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಅಮ್ಮ ಜಗಲಿಯಲ್ಲಿದ್ದಾರೋ ಎಂದು ತಿರುಗಿ ನೋಡಿದೆ. ಅವರು ತೂಕಡಿಸುತ್ತಿದ್ದರು.

ತಂತಿಗಳನ್ನು ಬಿಚ್ಚುವ ಮೊದಲು ಗುರುತು ಮಾಡಿಕೊಳ್ಳಬೇಕು ಎಂಬ ವಿವೇಕ ನನಗಿತ್ತು. ಫೋಟೋ ತೆಗೆದೆ, ಅದರಲ್ಲಿ ನನ್ನ ಹೆಬ್ಬೆರಳು ಸೊಗಸಾಗಿ ಬಂತು. ಬಣ್ಣದ ಟೇಪು ಹುಡುಕಿದೆ, ಇರಲಿಲ್ಲ. ಆಗ ಹೊಳೆಯಿತು ನೋಡಿ ಉಪಾಯ. ದೇವರಮನೆಯಿಂದ ಅರಿಶಿನ, ಕುಂಕುಮ, ಅಮ್ಮನ ಎಲೆಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ, ಮಗಳ ಕನ್ನಡಿ ಮುಂದಿನಿಂದ ಕಾಡಿಗೆ. ಡಿ ತಂತಿಗೆ ಅರಿಶಿನ, ಡಿಎಫ್‌ಗೆ ಸುಣ್ಣ, 51ಕ್ಕೆ ಕುಂಕುಮ, 61ಕ್ಕೆ ಕಾಡಿಗೆ. ನೀರಲ್ಲಿ ಕಲಸಿ, ತುದಿಗೆ ಹಚ್ಚಿ, ಎದ್ದು ನಿಂತು ನೋಡಿದರೆ ಗಾಡಿಗೆ ಆಯುಧಪೂಜೆಯ ಕಳೆ. ಇಂಥ ದೇಸಿ ಬುದ್ಧಿಯನ್ನು ಯಾವ ಎಂಜಿನಿಯರಿಂಗ್ ಕಾಲೇಜು ಹೇಳಿಕೊಡುತ್ತದೆ ಎಂದುಕೊಳ್ಳುತ್ತಾ ಕಾಫಿ ಕುಡಿಯಲು ಒಳಗೆ ಹೋದೆ. ಹೋಗುವಾಗ ನಾಲ್ಕೂ ತಂತಿ ಬಿಚ್ಚಿ ಒಟ್ಟಿಗೆ ಡಬ್ಬಿಯೊಳಗೆ ತುರುಕಿದ್ದೆ.

ಬಂದು ನೋಡಿದರೆ ಮೂರು ತಂತಿ ಕೆಂಪು, ಒಂದು ಕಪ್ಪು.

ಈಗ ಹೇಳಲೇಬೇಕಾದ ಒಂದು ಮಾತಿದೆ. ನಾನು ಹತ್ತನೇ ತರಗತಿಗೆ ರಸಾಯನಶಾಸ್ತ್ರ ಹೇಳುವವನು. ವರ್ಷಕ್ಕೊಂದು ಸಲ, ತಪ್ಪದೆ, ಅರಿಶಿನದ ಕಾಗದವನ್ನು ಸುಣ್ಣದ ತಿಳಿಯಲ್ಲಿ ಅದ್ದಿ, “ನೋಡಿ ಮಕ್ಕಳೇ, ಪ್ರತ್ಯಾಮ್ಲದಲ್ಲಿ ಅರಿಶಿನ ಕೆಂಪಾಗುತ್ತದೆ, ಇದು ನೈಸರ್ಗಿಕ ಸೂಚಕ” ಎಂದು ಎತ್ತಿ ತೋರಿಸುವವನು. ಅದನ್ನಾದರೂ ಬಿಡಿ. ಹುಟ್ಟಿದಾಗಿನಿಂದ ಆರತಿ ತಟ್ಟೆಯ ಓಕುಳಿ ನೋಡಿದವನು, ಮದುವೆಯ ದಿನ ಅದೇ ನೀರನ್ನು ಹಣೆಗೆ ಇಡಿಸಿಕೊಂಡವನು. ಅಂಥವನು ಹಸಿ ಅರಿಶಿನದ ತಂತಿಯನ್ನೂ ಹಸಿ ಸುಣ್ಣದ ತಂತಿಯನ್ನೂ ಒಂದೇ ಡಬ್ಬಿಯಲ್ಲಿ ತಬ್ಬಿಸಿ ಮಲಗಿಸಿ ಕಾಫಿಗೆ ಹೋಗಿದ್ದ.

ಮೂರು ಕೆಂಪಿನಲ್ಲಿ ಯಾವುದು ಯಾವುದು? ತಪ್ಪು ಕಡೆ ಸಿಕ್ಕಿಸಿದರೆ ಹೊಸ ರೆಗ್ಯುಲೇಟರು ಒಂದು ಉಸಿರಿಗೆ ಬೂದಿ. ಮೂಸಿ ನೋಡಿದೆ. ಮೂರಕ್ಕೂ ಗ್ರೀಸಿನ ವಾಸನೆ. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಬಿಸಿಲಿಗೆ ಹಿಡಿದೆ. ಬೆರಳಿಗೆ ಒರೆಸಿಕೊಂಡು ನೋಡಿದರೆ ಬೆರಳೂ ಕೆಂಪಾಯಿತು, ಲೆಕ್ಕಕ್ಕೆ ನಾಲ್ಕನೆಯದು. ಉಳಿದದ್ದು ನಾಲಿಗೆ. ಸುಣ್ಣವಾದರೆ ಸುಡುತ್ತದೆ, ಕುಂಕುಮವಾದರೆ ಸಪ್ಪೆ, ಅರಿಶಿನವಾದರೆ ಕಹಿ. ಬ್ಯಾಟರಿಯ ತಂತಿ ಮೊದಲೇ ಬಿಚ್ಚಿಟ್ಟಿದ್ದೆ, ಅಷ್ಟು ಬುದ್ಧಿ ಉಳಿದಿತ್ತು. ಪ್ರಯೋಗಾಲಯದ ಗೋಡೆಗೆ “ರಾಸಾಯನಿಕಗಳ ರುಚಿ ನೋಡಬಾರದು” ಎಂದು ನನ್ನ ಕೈಯಾರೆ ಬರೆದು ಅಂಟಿಸಿದ್ದೇನೆ. ಆದರೆ ಇದು ಪ್ರಯೋಗಾಲಯವಲ್ಲ, ಮನೆಯಂಗಳ. ಮಂಡಿಯೂರಿ, ಗಾಡಿಯ ಪಕ್ಕೆಗೆ ಮುಖ ಒತ್ತಿ, ಮೊದಲ ತಂತಿಗೆ ನಾಲಿಗೆ ಚಾಚಿದೆ.

“ಸಾರ್, ನಮಸ್ಕಾರ.”

ಗೇಟಿನ ಹತ್ತಿರ ನಿಂತಿದ್ದವನು ಐದಾರು ವರ್ಷದ ಹಿಂದಿನ ಶಿಷ್ಯ. ಕೊನೆಯ ಬೆಂಚಿನವನು. ಈಗ ಯಾವುದೋ ಕೊರಿಯರ್ ಚೀಲ ಹೊತ್ತಿದ್ದ. ನಾಲಿಗೆ ಒಳಗೆಳೆದುಕೊಳ್ಳಲು ನನಗೆ ತುಸು ಹೊತ್ತು ಹಿಡಿಯಿತು, ಏಕೆಂದರೆ ಅದು ಸುಣ್ಣದ ತಂತಿಯೇ ಆಗಿತ್ತೇನೋ, ತುದಿ ಚುರುಗುಟ್ಟುತ್ತಿತ್ತು. ಅಥವಾ ಅವಮಾನಕ್ಕೋ. ಹೇಳುವಂತಿಲ್ಲ.

“ಏನ್ ಸಾರ್, ಪೂಜೆನಾ?”

ಸುಳ್ಳು ಹೇಳಬಹುದಿತ್ತು. ಆದರೆ ನಾಲಿಗೆ ಉರಿಯುವಾಗ ಸುಳ್ಳು ಹೊರಳುವುದಿಲ್ಲ. ಎಲ್ಲವನ್ನೂ ಹೇಳಿದೆ. ಅವನು ಚೀಲ ಇಳಿಸಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಹಳ ಗೌರವದಿಂದ ಅಂದ: “ನಿಂಬೆಹಣ್ಣು ಹಿಂಡಿದ್ರೆ ವಾಪಸ್ ಹಳದಿ ಆಗುತ್ತೆ ಅಲ್ವಾ ಸಾರ್? ನೀವೇ ಹೇಳಿಕೊಟ್ಟಿದ್ದು.”

ಇವನಿಗೆ ನಾನು ಆ ಪಾಠದಲ್ಲಿ ನೂರಕ್ಕೆ ಇಪ್ಪತ್ತೊಂದು ಕೊಟ್ಟಿದ್ದೆ.

ನಿಂಬೆಹಣ್ಣು ಬಂತು. ಕೊಯ್ದ ಹೋಳು, ಅರಿಶಿನ, ಕುಂಕುಮ, ಮಂಡಿಯೂರಿದ ಇಬ್ಬರು ಗಂಡಸರು. ಎದುರುಮನೆಯ ಆಂಟಿ ಬಾಗಿಲು ಹಾಕಿಕೊಂಡರು. ಮೊದಲ ತಂತಿಗೆ ಹಿಂಡಿದೆವು, ಕೆಂಪು ಇಳಿದು ಹಳದಿ. ಎರಡನೆಯದೂ ಹಳದಿ, ಆದರೆ ಸಣ್ಣಗೆ ನೊರೆಯೆದ್ದಿತು. ಅಮ್ಮನ ಸುಣ್ಣ ಹಳೆಯದು, ಗಾಳಿಯ ಇಂಗಾಲದ ಡೈಆಕ್ಸೈಡು ಹೀರಿ ಅರ್ಧ ಸೀಮೆಸುಣ್ಣವಾಗಿತ್ತು. ಹುಳಿ ಬಿದ್ದೊಡನೆ ಗುಳ್ಳೆ. ಸುಣ್ಣ ಸಿಕ್ಕಿತು! ಮೂರನೆಯದಕ್ಕೆ ಒಂದಿಡೀ ಹೋಳು ಹಿಂಡಿದರೂ ಅದು ಕೆಂಪಾಗಿಯೇ ಉಳಿಯಿತು. ಅಸಲಿ ಕುಂಕುಮವಾದರೆ ಅದೂ ಅರಿಶಿನಕ್ಕೆ ಸುಣ್ಣ ಬೆರೆಸಿಯೇ ಹುಟ್ಟಿದ್ದು, ಹಳದಿಗೆ ತಿರುಗಬೇಕಿತ್ತು. ಇದು ಅಂಗಡಿಯವನು ಬಣ್ಣ ಕಲಸಿ ಮಾರಿದ್ದು. ಬದುಕಿನಲ್ಲಿ ಮೊದಲ ಬಾರಿಗೆ ಕಲಬೆರಕೆಗೆ ಕೈಮುಗಿದೆ. ಅಂಗಳದಲ್ಲಿ ನಾವಿಬ್ಬರೂ ಎದ್ದು ಕುಣಿಯುವುದೊಂದು ಬಾಕಿ. ಇಪ್ಪತ್ತೊಂದು ಕೊಟ್ಟದ್ದಕ್ಕೆ ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವನಿಗೆ ಫೋನು ಬಂತು, ಹೋದ.

ಜೋಡಿಸಿದ್ದು ಹತ್ತೇ ನಿಮಿಷ. ಕೀಲಿ ಹಾಕಿದೆ, ಗೇರಿನ ಸಲಾಕೆಯನ್ನೇ ಮೇಲೆತ್ತಿ ಕಿಕ್ಕರು ಮಾಡಿಕೊಂಡು ಒದ್ದೆ, ಎಂಜಿನ್ನು ಹೊಗೆ ಬಿಟ್ಟಿತು, ಆಕ್ಸಿಲರೇಟರು ತಿರುಗಿಸಿದೆ. ಕೆಂಪು ದೀಪ ನನ್ನನ್ನೇ ನೋಡುತ್ತಾ ಉರಿಯುತ್ತಿತ್ತು.

ಮೆಕ್ಯಾನಿಕ್ಕನ್ನು ಕರೆಯದೆ ಗತಿಯಿರಲಿಲ್ಲ. ಅವನು ಮಾತು ಕಮ್ಮಿಯ ಮನುಷ್ಯ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು, 1996ರಲ್ಲಿ ಅದು ಮುಚ್ಚಿದಾಗ ಸ್ಪ್ಯಾನರು ಹಿಡಿದು ರಸ್ತೆಬದಿಗೆ ಬಂದವನು. ಇವತ್ತಿಗೂ ಕಾರ್ಖಾನೆಯ ರಸ್ತೆಯಲ್ಲಿ ಹೋಗಬೇಕಾದರೆ ಸುತ್ತು ಬಳಸಿ ಹೋಗುತ್ತಾನೆ. ಕೇಳಿದರೆ “ಟ್ರಾಫಿಕ್ಕು ಸಾರ್” ಅನ್ನುತ್ತಾನೆ. ಆ ದಾರಿಯಲ್ಲಿ ಅಂಥ ಟ್ರಾಫಿಕ್ಕು ನಾನು ಕಂಡಿಲ್ಲ.

ಅವನು ಡಬ್ಬಿಯೊಳಗೆ ಮೂಗು ತೂರಿಸಿದ. “ಉಪ್ಪಿನಕಾಯಿ ವಾಸನೆ ಬರ್ತಿದೆಯಲ್ಲ.”

ನಾನು ಎಲ್ಲವನ್ನೂ ಎರಡನೇ ಸಲ ಹೇಳಿದೆ. ಅವನು ಪೂರ್ತಿ ಕೇಳಿ, ತಂತಿಗಳನ್ನು ಪೆಟ್ರೋಲಿನಲ್ಲಿ ಒರೆಸಿ, “ಈ ತುದಿ ಹಿಡಿದು ಎಳೆದ್ರೆ ಆ ತುದಿ ಅಲ್ಲಾಡುತ್ತಲ್ಲ ಸಾರ್, ಯಾವ ತಂತಿ ಅಂತ ಗೊತ್ತಾಗಲ್ವಾ?” ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಂತಿಗಳೆಲ್ಲ ಸರಿಯಾಗಿಯೇ ಕೂತಿದ್ದವಂತೆ. ತೊಂದರೆ ಡೈನಮೋದ್ದು. ಅದರ ಕಬ್ಬಿಣದಲ್ಲಿ ಒಂದಿಷ್ಟು ಅಯಸ್ಕಾಂತ ಸದಾ ಉಳಿದಿರಬೇಕು, ಆ ಬಂಡವಾಳದಿಂದಲೇ ಅದು ಕರೆಂಟು ಹುಟ್ಟಿಸಲು ಶುರುಮಾಡುವುದು. ತಿಂಗಳುಗಟ್ಟಲೆ ನಿಂತು ಅದು ಮರೆತುಹೋಗಿತ್ತು. ಅವನು ರೆಗ್ಯುಲೇಟರಿನ ತಂತಿ ಬಿಚ್ಚಿ, ಬ್ಯಾಟರಿಯಿಂದ ಒಂದು ತುಂಡು ತಂತಿ ತಂದು ಡೈನಮೋದ ಫೀಲ್ಡ್ ಸುರುಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸೋಕಿಸಿದ. ಚಿಟ್ಟೆಂದು ಸಣ್ಣ ಕಿಡಿ. “ನೆನಪು ಮಾಡಿಕೊಟ್ಟೆ” ಎಂದ. ತಂತಿ ಮತ್ತೆ ಸೇರಿಸಿ ಒದ್ದ. ಡುಗುಡುಗು ಏರಿತು. ಕೆಂಪು ದೀಪ ಮಸುಕಾಯಿತು, ಅಳ್ಳಾಡಿತು, ಆರಿತು. ಮೀಟರಿನಲ್ಲಿ ಏಳು ಚಿಲ್ಲರೆ ವೋಲ್ಟು. ಅವನು ನೂರು ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಹಳೆಯ ರೆಗ್ಯುಲೇಟರನ್ನು ಬಿಸಾಡುತ್ತೀರಾ ಎಂದು ಕೇಳಿ, ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದ.

ರಾತ್ರಿ ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಹೆಡ್‌ಲೈಟಿಗೆ ರಸ್ತೆಯ ಗುಂಡಿಗಳು ನಾನು ಬೀಳುವ ಮೊದಲೇ ಕಂಡವು, ಇದು ನನಗೆ ಹೊಸ ಅನುಭವ. ಮನೆಗೆ ಬಂದಾಗ ಅಮ್ಮ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಸುಣ್ಣದ ಡಬ್ಬಿ ತೆರೆದಿತ್ತು. ಬಿಳಿಯ ಸುಣ್ಣದ ನಡುವೆ ನನ್ನ ಹೆಬ್ಬೆರಳಿನ ಕರಿಯ ಗುರುತು, ಅಂಚಿನಲ್ಲಿ ಒಂದು ಕೆಂಪು ಗೆರೆ.

“ನಿಂದೇ ಕೆಲಸ.”

ಕ್ಷಮೆ ಕೇಳಲು ಬಾಗಿದೆ, ಜೇಬಿನಿಂದ ಬೆಳ್ಳಿಕಾಗದ ಜಾರಿ ತಟ್ಟೆಗೆ ಬಿತ್ತು. ಅಮ್ಮ ಎತ್ತಿಕೊಂಡರು. ನಾನು ಅಪ್ಪನ ಪರವಾಗಿ ಏನಾದರೂ ಸುಳ್ಳು ಹೊಸೆಯಬೇಕೆಂದು ಅವಸರಪಡುತ್ತಿದ್ದೆ.

“ಗಾಡಿ ಡಬ್ಬೀಲಿತ್ತಾ?”

“ಹೂಂ.”

“ಅಲ್ಲೇ ಇಡ್ತಿದ್ರು. ಬರುವಾಗ ಎರಡು ಏಲಕ್ಕಿ ಬಾಯಿಗೆ ಹಾಕ್ಕೊಂಡು ಬರೋರು. ನಂಗೆ ಗೊತ್ತಾಗಲ್ಲ ಅಂತ.”

ಕಾಗದವನ್ನು ತೊಡೆಯ ಮೇಲಿಟ್ಟು ಉಗುರಿನಿಂದ ಸುಕ್ಕು ತೀಡಿದರು. ಮತ್ತೆ ಅದೇ ನಾಲ್ಕು ಮಡಿಕೆ ಮಡಿಸಿ, ಅಡಿಕೆ ಚೀಲದ ಒಳಜೇಬಿಗೆ ಸೇರಿಸಿ ದಾರ ಎಳೆದರು.

“ನಾಳೆ ಹೊಸ ಸುಣ್ಣ ತಂದ್ಕೊಡು” ಅಂದರು.