ಟ್ಯಾಂಕ್ ತುಂಬಿದೊಡನೆ ನಿಲ್ಲುವ ಕಾರು: ಬಳಕೆದಾರರ ಕೈಪಿಡಿ, ನಂದಿದುರ್ಗ ಆವೃತ್ತಿ

ಕಾರಿನ ಜತೆ ಬರುವ ಪುಸ್ತಕದಲ್ಲಿ ಗಡಿಯಾರಕ್ಕೆ ಟೈಮ್ ಇಡುವುದನ್ನು ಪುಟಗಟ್ಟಲೆ ವಿವರಿಸಿರುತ್ತಾರೆ. ಫುಲ್ ಟ್ಯಾಂಕ್ ಮಾಡಿಸಿ, ದುಡ್ಡು ಕೊಟ್ಟು ಸೆಲ್ಫ್ ಹೊಡೆದರೆ ಗುರ್ರೆಂದು ಎದ್ದು, ಎರಡು ಸಲ ಕೆಮ್ಮಿ, ಬಂಕಿನ ಬಾಗಿಲಲ್ಲೇ ಮಲಗುವ ಗಾಡಿಯ ಬಗ್ಗೆ ಚಕಾರವಿಲ್ಲ. ಆ ಕೊರತೆ ನೀಗಿಸಲು ಈ ಕೈಪಿಡಿ. ಕೆಜಿಎಫ್‌ನ ನಂದಿದುರ್ಗ, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಆಚೆಗೆ ಬಂಗಾರಪೇಟೆ ಸುತ್ತಮುತ್ತ ಅನ್ವಯ. ಇಂಜೆಕ್ಷನ್ ಎಂಜಿನ್ನಿನ ಪೆಟ್ರೋಲ್ ಕಾರುಗಳಿಗೆ ಮಾತ್ರ. ಸಲಕ್ಕೆ ಇನ್ನೂರು ರೂಪಾಯಿಗೆ ಹಾಕಿಸುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇದು ಹೆಚ್ಚಾಗಿ ಟ್ಯಾಂಕ್ ತುಂಬಿಸುವ ಶ್ರೀಮಂತರ ಕಾಯಿಲೆ.

ಮೊದಲ ಕೆಲಸ: ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಬಾನೆಟ್ ಎತ್ತಿ, ಸುಮ್ಮನೆ ನಿಲ್ಲಿ. ತಜ್ಞರು ತಾವಾಗಿ ಬರುತ್ತಾರೆ. ಒಬ್ಬರು ಇಲ್ಲಿನ ಚಿನ್ನದ ಗಣಿಯಲ್ಲಿ ಫಿಟರ್ ಆಗಿದ್ದವರು. 2001ರ ಫೆಬ್ರುವರಿ 28ಕ್ಕೆ ಗಣಿಗೆ ಬೀಗ ಬಿದ್ದರೂ ಅವರ ಸ್ಪ್ಯಾನರಿಗೆ ಬಿದ್ದಿಲ್ಲ. ಇನ್ನೊಬ್ಬರು ಬೆಮೆಲ್‌ನಲ್ಲಿ ಬುಲ್ಡೋಜರ್ ಜೋಡಿಸಿ ರಿಟೈರ್ ಆದವರು. ಇಷ್ಟು ಸಣ್ಣ ಎಂಜಿನ್ ನೋಡಲು ಅವರಿಗೆ ಕನ್ನಡಕ ಬೇಕು. ಮೂರನೆಯವರು 1894ರಲ್ಲಿ ಶುರುವಾದ ಬಂಗಾರಪೇಟೆ-ಮಾರಿಕುಪ್ಪಂ ಮಾರ್ಗದಲ್ಲಿ ಇವತ್ತಿನ ಬೆಂಗಳೂರು ರೈಲು ತಪ್ಪಿಸಿಕೊಂಡವರು. ಅವರಿಗೆ ಹೊತ್ತು ಹೋಗಬೇಕು. ಬೇರೆ ಯಾವ ವಿಷಯದಲ್ಲೂ ಒಪ್ಪದ ಮೂವರೂ ಇಲ್ಲಿ ಒಂದಾಗುತ್ತಾರೆ: "ಪೆಟ್ರೋಲಿಗೆ ನೀರು ಹಾಕವ್ರೆ ಸಾರ್, ಗ್ಯಾರಂಟಿ."

ತಲೆಯಾಡಿಸಿ, ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಹತ್ತು ನಿಮಿಷ ಹೇಗೋ ಓಡಿಸಿದ ಮೇಲೆ ಗಾಡಿ ತಾನೇ ಸರಿಹೋಗುತ್ತದೆಯೇ? ಮುಂದಿನ ಸಲ ಬಂಕಿಗೆ ಹೋಗುವವರೆಗೂ ಸುಮ್ಮನಿರುತ್ತದೆಯೇ? ಹೌದಾದರೆ ಬಂಕಿನವರ ಮೇಲೆ ಜಗಳಕ್ಕೆ ಹೋಗಬೇಡಿ. ನೀರು ಬೆರೆತಿದ್ದರೆ ಪೈಪಿನಲ್ಲಿರುವ ಹಳೆಯ ಪೆಟ್ರೋಲಿನಲ್ಲಿ ಗಾಡಿ ಸ್ವಲ್ಪ ದೂರವಾದರೂ ಓಡಿ ಆಮೇಲೆ ಜರ್ಕ್ ಹೊಡೆಯುತ್ತದೆ, ಟ್ಯಾಂಕ್ ಖಾಲಿ ಮಾಡಿಸುವ ತನಕ ಕಾಟ ಬಿಡುವುದಿಲ್ಲ. ಸಾಲದ್ದಕ್ಕೆ, ನಿಮ್ಮ ಹಿಂದೆ ಹಾಕಿಸಿದ ಆಟೋಗಳೂ ಸಾಲಾಗಿ ನಿಂತಿರುತ್ತವೆ. ಅನುಮಾನ ಹೋಗದಿದ್ದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ. ಅದು ನಿಮ್ಮ ಹಕ್ಕು. ಒಂದು ಹನಿ ಬಿಟ್ಟರೆ ಕಲೆ ಉಳಿಯದೆ ಆರಬೇಕು. ನೀರಿನ ಪರೀಕ್ಷೆಗೆ ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕಂಡ ಕೂಡಲೇ ತೀರ್ಪು ಕೊಡಬೇಡಿ. ಬಂಗಾರಪೇಟೆ ಪಾನಿಪೂರಿಯ ನೀರೂ ನೋಡಲು ತಿಳಿಯೇ, ಒಳಗಿನ ಖಾರ ಆಮೇಲೆ ಗೊತ್ತಾಗುವುದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದಕ್ಕೆ ನೀರೆಂದರೆ ಪ್ರಾಣ. ನೀರು ಮಿತಿಮೀರಿದರೆ ಎಥನಾಲ್ ಪೆಟ್ರೋಲನ್ನು ತೊರೆದು ನೀರಿನ ಜತೆ ತಳಕ್ಕಿಳಿಯುತ್ತದೆ, ಬಾಟಲಿಯಲ್ಲಿ ಎರಡು ಪದರ ಕಾಣುತ್ತದೆ. ಕಾಣಲಿಲ್ಲವೇ? ಮುಂದೆ ಓದಿ.

ನಿಜವಾದ ಆರೋಪಿ ಒಂದು ಕಪ್ಪು ಡಬ್ಬಿ ಮತ್ತು ಅದರ ಬಾಗಿಲು ಕಾಯುವ ಪರ್ಜ್ ವಾಲ್ವ್. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಬಯಲಿಗೆ ಹೋಗದಿರಲೆಂದು ಆ ಡಬ್ಬಿಯಲ್ಲಿ ಸಂಸ್ಕರಿಸಿದ ಇದ್ದಿಲು ತುಂಬಿರುತ್ತಾರೆ. ಸಯನೈಡ್ ದ್ರಾವಣದಿಂದ ಚಿನ್ನವನ್ನು ಹಿಡಿಯಲು ಇಂದಿನ ಗಣಿಗಳು ಬಳಸುವುದೂ ಇಂಥ ಇದ್ದಿಲನ್ನೇ. ಈ ಮಾತು ಕೇಳಿದ ಮೇಲೆ ಫಿಟರ್ ಸಾಹೇಬರು ನೀರಿನ ಸಿದ್ಧಾಂತ ಬಿಟ್ಟು ನಿಮ್ಮ ಕಡೆ ವಾಲುತ್ತಾರೆ. ಎಂಜಿನ್ ಬಿಸಿಯಾಗಿ ಓಡುವಾಗ ವಾಲ್ವ್ ತೆರೆದು, ಹಿಡಿದಿಟ್ಟ ಆವಿಯನ್ನು ಸ್ವಲ್ಪ ಸ್ವಲ್ಪವೇ ಎಂಜಿನ್ನಿಗೆ ಉಣಿಸಬೇಕು. ಅದು ಮುಚ್ಚದೆ ಸಿಕ್ಕಿಕೊಂಡರೆ, ಟ್ಯಾಂಕ್ ತುಂಬಿಸಿದಾಗ ಎದ್ದ ಆವಿಯೆಲ್ಲ ಸ್ಟಾರ್ಟ್ ಮಾಡುವ ಹೊತ್ತಿಗೇ ಒಳನುಗ್ಗುತ್ತದೆ. ಎಂಜಿನ್ನಿಗೆ ಅಜೀರ್ಣ.

ತಕ್ಷಣದ ಉಪಾಯ: ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ ಆಗ ಪೆಟ್ರೋಲ್ ಚಿಮ್ಮುವುದು ನಿಂತು ಬರೀ ಗಾಳಿ ಹೋಗುತ್ತದೆ. ಹತ್ತಿಕೊಂಡ ಕ್ಷಣ ಕಾಲು ತೆಗೆಯಿರಿ. ಇಲ್ಲದಿದ್ದರೆ ಸುತ್ತ ನಿಂತವರು ಚದುರುತ್ತಾರೆ.

ಪರೀಕ್ಷೆ ಮನೆಯಲ್ಲಿ, ಎಂಜಿನ್ ತಣ್ಣಗಿರುವಾಗ. ಬೀಡಿ ಸೇದುವ ತಜ್ಞರನ್ನು ಗೇಟಿನಾಚೆ ನಿಲ್ಲಿಸಿ. ಎರಡು ಪೈಪು, ಒಂದು ವೈರ್ ಇರುವ ಪುಟ್ಟ ವಾಲ್ವ್ ಹುಡುಕಿ, ಡಬ್ಬಿ ಕಡೆಯಿಂದ ಬರುವ ಪೈಪನ್ನು ಕಳಚಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು ವಾಲ್ವಿನ ಆ ತೂತಿಗೆ ಬೆರಳಿಡಿ. ಫ್ಯಾನಿನ ಹತ್ತಿರ ಕೈ ಬೇಡ. ಬೆರಳನ್ನು ಎಳೆದುಕೊಂಡರೆ ವಾಲ್ವ್ ಕೆಟ್ಟಿದೆ. ಸ್ಕ್ಯಾನರ್ ಇರುವ ಮೆಕ್ಯಾನಿಕ್ಕಿಗೆ ಪಿ0441 ಅಥವಾ ಪಿ0496 ಎಂಬ ಕೋಡ್ ಸಿಗಬಹುದು. ಬದಲಿಸುವುದು ಸಣ್ಣ ಕೆಲಸ.

ಹಾಕಿಸುವಾಗಲೇ ನಾಝಲ್ ಟಪ್ ಟಪ್ ಎಂದು ಪದೇಪದೇ ನಿಂತರೆ ಡಬ್ಬಿ ಉಸಿರಾಡುವ ದಾರಿಯನ್ನೂ ನೋಡಿಸಿ. ಆಷಾಢದ ಗಾಳಿಗೆ ಗಣಿ ತ್ಯಾಜ್ಯದ ಸಯನೈಡ್ ಗುಡ್ಡದ ಪುಡಿ ಬಟ್ಟೆ, ಬಿಂದಿಗೆ, ಅನ್ನದ ತಟ್ಟೆ ಯಾವುದನ್ನೂ ಬಿಡದ ಊರಿದು. ಆ ದಾರಿಯಲ್ಲಿರುವ ಒಂದು ಫಿಲ್ಟರನ್ನು ಬಿಟ್ಟೀತೆ?

ಇದ್ದಿಲ ಡಬ್ಬಿಯ ಇನ್ನೊಂದು ಶತ್ರು ರೌಂಡ್ ಫಿಗರ್. ಕಟ್ ಆದ ಮೇಲೂ "ಎರಡು ಸಾವಿರಕ್ಕೆ ಮಾಡಪ್ಪಾ" ಎಂದು ಗಾಡಿ ಕುಲುಕಿ ಕುಲುಕಿ ತುಂಬಿಸಿದರೆ, ಆವಿಗೆಂದು ಮಾಡಿದ ದಾರಿಯಲ್ಲಿ ದ್ರವವೇ ಹರಿದು ಇದ್ದಿಲು ನೆನೆಯುತ್ತದೆ. ಚಿಲ್ಲರೆ ಕಷ್ಟವಿದ್ದ ಕಾಲಕ್ಕೆ ಈ ಚಟಕ್ಕೊಂದು ಅರ್ಥವಿತ್ತು. ಈಗ ಫೋನಿನಲ್ಲಿ ಪೈಸೆ ಲೆಕ್ಕದಲ್ಲೂ ಕಳಿಸಬಹುದು. ಮೊದಲ ಟಪ್‌ಗೇ ಸಾಕೆನ್ನಿ.

ಇಷ್ಟಾದರೂ ಏಳದಿದ್ದರೆ ಟೋ ಗಾಡಿ ಕರೆಸಿ. ಫೋನಿನಲ್ಲಿ "ನಂದಿದುರ್ಗ" ಎಂದಷ್ಟೇ ಹೇಳಬೇಡಿ; ಅವರು ಚಿಕ್ಕಬಳ್ಳಾಪುರದ ಕಡೆ ನಂದಿ ಬೆಟ್ಟದ ಬುಡಕ್ಕೆ ಹೋಗಿ, "ಎಲ್ಲಿದೀರಾ ಸಾರ್, ನಾವಿಲ್ಲಿ ಟಿಕೆಟ್ ಕೌಂಟರ್ ಹತ್ರ ಇದೀವಿ" ಅನ್ನುತ್ತಾರೆ. "ಕೆಜಿಎಫ್, ನಂದಿದುರ್ಗ ಮೈನ್" ಎಂದು ಎರಡು ಸಲ ಹೇಳಿ.