ಸಾಫ್ಟ್‌ನರ್ ಸಾಹೇಬರು

ಬೆಂಗಳೂರಿನಲ್ಲಿ ನಿವೃತ್ತರಾಗಿ ಬೆಟ್ಟದೂರಿನಲ್ಲಿ ಮನೆ ಕಟ್ಟಿಸಿಕೊಳ್ಳುವ ಹಿರಿಯರನ್ನು ಕೊಡಗಿನಲ್ಲೋ ಸಕಲೇಶಪುರದಲ್ಲೋ ನೀವು ಕಂಡೇ ಇರುತ್ತೀರಿ. ಹಾಸನೂರಿನಲ್ಲೂ ಅಂಥ ಸಾಹೇಬರೊಬ್ಬರಿದ್ದಾರೆ. ಚಾಮರಾಜನಗರದಿಂದ ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ, ದಿಂಬಂ ಘಾಟಿಯ 27 ತಿರುವುಗಳಿಗಿಂತ ಮುಂಚೆ ಸಿಗುವ ಊರು ಇದು. ಬೋರ್ಡು ತಮಿಳಿನದು, ಮಾತು ಕನ್ನಡದ್ದು, ಸುತ್ತ ಸತ್ಯಮಂಗಲದ ಹುಲಿ ಕಾಡು. ಬಂದವರಿಗೆಲ್ಲ ಹುಲಿ ಕಾಣುವುದಿಲ್ಲ. ಸಾಹೇಬರ ಮನೆಯ, ಗಡಸು ನೀರನ್ನು ಮೆದುಗೊಳಿಸುವ ವಾಟರ್ ಸಾಫ್ಟ್‌ನರನ್ನು ಮಾತ್ರ ನೋಡದೆ ಹೋಗುವ ಹಾಗಿಲ್ಲ.

ಕಾಫಿ ಲೋಟ ಕೈಗೆ ಬರುತ್ತಲೇ ಹಿತ್ತಿಲಿಗೆ ಕರೆಯುತ್ತಾರೆ. ಅಲ್ಲೊಂದು ಉದ್ದನೆಯ ಸಿಲಿಂಡರು, ಪಕ್ಕದಲ್ಲಿ ಉಪ್ಪಿನ ಡ್ರಮ್ಮು. “ಒಳಗೆ ರೆಸಿನ್ ಮಣಿಗಳಿವೆ. ಮೈಸೂರು ಬಸ್ಸು ಅಂದ್ಕೊಳ್ಳಿ. ಸೀಟಿನಲ್ಲೆಲ್ಲ ಸೋಡಿಯಂ ಕೂತಿದೆ. ಬೋರ್ ನೀರಿನ ಜೊತೆ ಕ್ಯಾಲ್ಸಿಯಂ ಹತ್ತುತ್ತೆ. ಅದು ಒಂದು ಕೂತರೆ ಸೋಡಿಯಂ ಎರಡು ಇಳೀಬೇಕು. ಮೆಗ್ನೀಷಿಯಮ್ಮೂ ಹಂಗೇ. ಬಸ್ಸು ತುಂಬಿದ ಮೇಲೆ ಬಂದಿದ್ದೆಲ್ಲ ಸೀದಾ ಗೀಸರಿಗೆ!”

“ಆಮೇಲೆ?” ಎಂದು ಕೇಳಬಾರದು. ಕೇಳಿದಿರೋ, ಕಾಫಿ ಆರಿತು.

“ಆಮೇಲೆ ಮಿಷಿನ್ನು ತನ್ನನ್ನು ತಾನೇ ತೊಳೆದುಕೊಳ್ಳುತ್ತೆ!” ಅದೂ ರಾತ್ರಿ ಎರಡು ಗಂಟೆಗೆ, ಮನೆಯಲ್ಲಿ ಯಾರೂ ನಲ್ಲಿ ತಿರುಗಿಸದ ಹೊತ್ತಿನಲ್ಲಿ. ಮೊದಲು ನೀರು ಕೆಳಗಿನಿಂದ ಮೇಲೆ ಹರಿದು ಮಣಿಗಳನ್ನು ಕದಡಿ ಕೊಳೆ ತೆಗೆಯುತ್ತದೆ. ಬಳಿಕ ಡ್ರಮ್ಮಿನ ಉಪ್ಪುನೀರು ಒಳಹೋಗಿ, ಸೋಡಿಯಮ್ಮಿನ ದೊಂಬಿ ನುಗ್ಗಿ, ಕೂತಿದ್ದ ಕ್ಯಾಲ್ಸಿಯಮ್ಮನ್ನು ಎಬ್ಬಿಸಿ ಚರಂಡಿಗೆ ಇಳಿಸುತ್ತದೆ. ಆಮೇಲೆ ನಿಧಾನಕ್ಕೊಮ್ಮೆ, ಜೋರಾಗೊಮ್ಮೆ ಜಾಲಿಸಿಕೊಂಡು, ಡ್ರಮ್ಮಿಗೆ ಹೊಸ ನೀರು ತುಂಬಿಕೊಂಡು ಸುಮ್ಮನಾಗುತ್ತದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ ಮೇಲೆ, 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬಿಬ್ಬರು ಇಂಥ ಕೃತಕ ರೆಸಿನ್ ತಯಾರಿಸಿದ ಕಥೆ ಇನ್ನೂ ಬಾಕಿಯಿರುತ್ತದೆ.

ಹಾಲು ಕೊಡಲು ಬರುವ ಅಜ್ಜಿ ಒಂದು ದಿನ ಇದನ್ನೆಲ್ಲ ಕೇಳಿ, “ಉಪ್ಪುನೀರು ಅಂತ ಅಷ್ಟು ದುಡ್ಡು ಸುರಿದು ಮಿಷಿನ್ ತಂದೆ. ಈಗ ಅದಕ್ಕೇ ಉಪ್ಪು ಸುರೀತಿದ್ದೀಯಲ್ಲ ಮೊಗಾ?” ಎಂದರು. ಸಾಹೇಬರು ಬಸ್ಸನ್ನು ಮತ್ತೆ ಮೊದಲ ನಿಲ್ದಾಣದಿಂದ ಹೊರಡಿಸಿದರು.

ಜೇಬಿನಲ್ಲೊಂದು ಟಿಡಿಎಸ್ ಪೆನ್ನು ಸದಾ ಇರುತ್ತದೆ. ಅದು ಅಳೆಯುವುದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತ. ಸಾಫ್ಟ್‌ನರಾದರೋ ಲವಣ ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ. ಹಾಗಾಗಿ ಸಿಲಿಂಡರಿಗೆ ಹೋಗುವ ನೀರಿಗೂ ಬರುವ ನೀರಿಗೂ ಪೆನ್ನು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಸಾಹೇಬರು “ಬ್ಯಾಟರಿ ವೀಕು” ಎಂದು ಪೆನ್ನು ಜೇಬಿಗಿಟ್ಟು, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನಿಯಮಕ್ಕೆ ಹಾರುತ್ತಾರೆ: ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆದೀತು. ಅಡುಗೆಯವಳು ಅಷ್ಟರಲ್ಲಿ ಬಟ್ಟೆಗೆ ಸೋಪು ಹಚ್ಚಿ ನೊರೆ ನೋಡಿ, “ಇವತ್ತು ನೀರು ಚೆನ್ನಾಗದೆ” ಎಂದು ತೀರ್ಪು ಕೊಟ್ಟಾಗಿರುತ್ತದೆ.

ತೊಳೆದ ಉಪ್ಪುನೀರು ಹೋಗುತ್ತಿದ್ದುದು ನಿಂಬೆಗಿಡದ ಬುಡಕ್ಕೆ. ಗಿಡ ಒಣಗಿತು. ಪೈಪನ್ನು ಬೇಲಿಯಾಚೆಗೆ ತಿರುಗಿಸಲು ಹೊರಟಾಗ ನೆರೆಯವರು ತಡೆದರು: “ಅಣ್ಣಾ, ಉಪ್ಪಿನ ವಾಸನೆಗೆ ಜಿಂಕೆ ಬತ್ತವೆ, ಆನೆನೂ ಬತ್ತದೆ. ಅದಕ್ಕೂ ಬಸ್ಸಿನ ಕಥೆ ಹೇಳ್ತೀರಾ?” ಇದಕ್ಕೆ ಮಾತ್ರ ಸಾಹೇಬರಲ್ಲಿ ಉತ್ತರವಿರಲಿಲ್ಲ, ಇಂಗುಗುಂಡಿ ತೋಡಿಸಿದರು.

“ತನ್ನನ್ನು ತಾನೇ” ಎಂಬ ಮಾತಿಗೆ ಮನೆಯಾಕೆಯ ತಕರಾರಿದೆ. “ತೊಳ್ಕೊಳ್ಳೋದು ಅದೇ, ಸರಿ. ಉಪ್ಪಿನ ಮೂಟೆ ಅದೇ ಹೊತ್ತು ತರುತ್ತಾ? ಡ್ರಮ್ ಖಾಲಿಯಾದ್ರೆ ಬರೀ ನೀರಲ್ಲೇ ಜಾಲಿಸಿಕೊಂಡು ಮಲಗುತ್ತೆ.” ಮಾತು ನೂರಕ್ಕೆ ನೂರು ನಿಜ. ಇನ್ನು ಟೈಮರು ಕರೆಂಟು ಹೋದಾಗ ನಿಂತು, ಬಂದಾಗ ಅಲ್ಲಿಂದಲೇ ಮುಂದುವರಿಯುವ ಹಳೇ ನಮೂನೆಯದು. ಮಳೆಗಾಲದಲ್ಲಿ ಐದು ಗಂಟೆ ಕರೆಂಟು ಹೋದರೆ, ರಾತ್ರಿ ಎರಡರ ಸ್ನಾನ ಬೆಳಗ್ಗೆ ಏಳಕ್ಕೆ. ಮಿಷಿನ್ನು ತೊಳೆದುಕೊಳ್ಳುವಷ್ಟು ಹೊತ್ತೂ ಮನೆಯ ನಲ್ಲಿಗಳಿಗೆ ಬರುವುದು ಅದೇ ಹಳೆಯ ಗಡಸು ನೀರು. ತಲೆಗೆ ಶಾಂಪೂ ಹಚ್ಚಿಕೊಂಡ ನೆಂಟರು ಒಳಗಿನಿಂದ ಕೂಗುತ್ತಾರೆ. ಸಾಹೇಬರು ಹೊರಗೆ ನಿಂತು, “ಈಗ ಎರಡನೇ ಹಂತ, ಗಾಬರಿಯಾಗಬೇಡಿ” ಎನ್ನುತ್ತಾರೆ.

ಇಂಥ ಸಾಹೇಬರ ಮನೆಗೆ ಹೋದರೆ ವಿವರಣೆ ಪೂರ್ತಿ ಕೇಳಿ, ತಪ್ಪೇನಿಲ್ಲ. ಅವರು ಹೇಳುವ ವಿಜ್ಞಾನ ಸರಿಯಾಗಿಯೇ ಇದೆ. ಸ್ನಾನಕ್ಕೆ ಇಳಿಯುವ ಮುಂಚೆ ಮಾತ್ರ ಡ್ರಮ್ಮಿನಲ್ಲಿ ಉಪ್ಪಿದೆಯೇ, ಟೈಮರಿನಲ್ಲಿ ಗಂಟೆ ಎಷ್ಟು ಎಂದು ಮನೆಯಾಕೆಯನ್ನು ಕೇಳಿಕೊಳ್ಳಿ.